ಪ್ರಾರ್ಥನೆ ಹೊತ್ತಿನ ಆರ್ಗನ್

ಚಿಕ್ಕ ಪಾದ್ರಿಯ ಬಾಯಿ ಸರಿಯಿಲ್ಲ ಎಂಬ ಅನುಮಾನ ದೊಡ್ಡ ಪಾದ್ರಿಗಳ ತಲೆಗೆ ಹೊಕ್ಕಿದ್ದು ದರ್ಜಿಯ ಅಂಗಡಿಯ ಮುಂದೆ. ಬೆಳಗಿನ ತಿರುಗಾಟ ಮುಗಿಸಿ ಬರುತ್ತಿದ್ದರು. ಬಟ್ಟೆಯ ಗಂಟುಗಳು ಮೇಜಿನಿಂದ ಜಾರಿ ಬೀಳುವಷ್ಟು ತುಂಬಿರುತ್ತಿದ್ದ ಅಂಗಡಿ ಅವತ್ತು ಬೋಳು ಬೋಳಾಗಿತ್ತು. ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ವಾಪಸು ಇಸಿದುಕೊಂಡು ಇಬ್ಬರು ಹೆಂಗಸರು ದರ್ಜಿಯ ಮುಖ ನೋಡದೆ ಮೆಟ್ಟಿಲಿಳಿದರು. ಅವನು ಯಂತ್ರದ ಮುಂದೆ ಬಲಗೈಯನ್ನು ತೊಡೆಯ ಕೆಳಗೆ ಅಡಗಿಸಿಕೊಂಡು ಕೂತಿದ್ದ.

"ಏನಪ್ಪಾ, ಏನಾಯ್ತು?"

ದರ್ಜಿ ಎದ್ದು ಬಂದು ಮುಖಕ್ಕೆ ಮುಖ ಕೊಟ್ಟು ನಿಂತ. "ಇನ್ನೇನಾಗ್ಬೇಕು ಅಯ್ಯನವರೇ? ನನ್ನ ಕೈ ನಡುಗುತ್ತೆ ಅಂತ ಊರಿಗೆಲ್ಲ ಗೊತ್ತಾಗಿದೆ. ನಾನು ಹೇಳಿದ್ದು ನಿಮ್ಮಿಬ್ಬರ ಹತ್ರ ಮಾತ್ರ. ಹೆಂಡ್ತಿಗೂ ಹೇಳಿರ್ಲಿಲ್ಲ."

ಕೆಲವು ವಾರಗಳ ಹಿಂದೆ ಇದೇ ದರ್ಜಿ ಪಾದ್ರಿಮನೆಗೆ ಬಂದು, ಮುಂದಿನ ಕೋಣೆಯ ಬಾಗಿಲು ತಾನೇ ಹಾಕಿ, ಕೈ ಚಾಚಿ ತೋರಿಸಿದ್ದ. ಬೆರಳುಗಳು ಅದುರುತ್ತಿದ್ದವು. ಬಟ್ಟೆಯ ಮೇಲೆ ಕೈ ಊರಿದರೆ ನಿಲ್ಲುತ್ತೆ, ಹೊಲಿಗೆ ಇನ್ನೂ ನೆಟ್ಟಗೇ ಬೀಳುತ್ತೆ, ಆದರೆ ಗಿರಾಕಿಗಳ ಕಿವಿಗೆ ಬಿದ್ದರೆ ನನ್ನ ಕಥೆ ಮುಗೀತು ಎಂದು ಅತ್ತಿದ್ದ. ಕೋಣೆಯಲ್ಲಿದ್ದವರು ಮೂವರೇ. ದರ್ಜಿ ತಾನೇ ಹೋಗಿ ಸಾರಿಕೊಂಡು ಬರುವವನಲ್ಲ. ದೊಡ್ಡ ಪಾದ್ರಿಗಳು? ಛೆ ಛೆ! ಊರಿನ ಅರ್ಧದಷ್ಟು ಗುಟ್ಟು ಅವರ ಹೊಟ್ಟೆಯಲ್ಲೇ ಕರಗಿದೆ, ಹೆಂಡತಿಗೂ ಒಂದು ಚೂರು ಸಿಕ್ಕಿಲ್ಲ. ಹಾಗಾದರೆ ಉಳಿದವನು ಯಾರು? ಇಷ್ಟು ತಿಳಿಯುವುದಕ್ಕೆ ದೈವಶಾಸ್ತ್ರದ ಕಾಲೇಜಿಗೆ ಹೋಗಬೇಕೇ?

ಉಳಿದವನನ್ನು ಜನ ಚಿಕ್ಕ ಪಾದ್ರಿ ಎನ್ನುತ್ತಿದ್ದರೇ ಹೊರತು ಅವನಿನ್ನೂ ಪಾದ್ರಿಯಾಗಿರಲಿಲ್ಲ. ಕಾಲೇಜು ಮುಗಿಸಿದವರನ್ನು ಒಂದು ವರ್ಷ ಯಾರಾದರೂ ಹಳೆಯ ಪಾದ್ರಿಯ ಕೈಕೆಳಗೆ ಬಿಡುವುದು ಅವರಲ್ಲಿ ಪದ್ಧತಿ. ವರ್ಷದ ಕೊನೆಗೆ ಬಿಷಪ್ ಆ ಹಳೆಯ ಪಾದ್ರಿಯನ್ನು ಒಂದೇ ಪ್ರಶ್ನೆ ಕೇಳುತ್ತಾರೆ: ಇವನು ಯೋಗ್ಯನೋ? ಯೋಗ್ಯ ಎಂದರೆ ಬರುವ ಭಾನುವಾರ ದೀಕ್ಷೆ. ಎನ್ನದಿದ್ದರೆ ಪೆಟ್ಟಿಗೆ ಕಟ್ಟಿಕೊಂಡು ಬಂದ ದಾರಿ ಹಿಡಿಯಬೇಕು, ಇನ್ನೊಂದು ಸಲ ಕೇಳುವ ಹಾಗಿಲ್ಲ. ಈ ಒಂದು ಮಾತಿಗಾಗಿ ಹುಡುಗ ಮೇಷ್ಟ್ರ ಕೆಲಸ ಬಿಟ್ಟಿದ್ದ, ಗೊತ್ತಾಗಿದ್ದ ಮದುವೆಯನ್ನು ಮುಂದಕ್ಕೆ ಹಾಕಿದ್ದ. ಅವನಮ್ಮ ವಾರವಾರವೂ ಫೋನು ಮಾಡಿ, "ಅಯ್ಯನವರು ಏನಂದ್ರು?" ಎಂದು ಕೇಳುತ್ತಿದ್ದಳು.

ದೊಡ್ಡ ಪಾದ್ರಿಗಳ ಕೈಯಲ್ಲಿ ಪಳಗಿ ಹೋದವರು ಬೇಕಾದಷ್ಟು ಮಂದಿ. ಬಂದವನನ್ನು ಮೊದಲ ದಿನವೇ ಪೀಠದ ಮುಂದೆ ನಿಲ್ಲಿಸಿ ಹೇಳುತ್ತಿದ್ದರು: "ನೋಡಪ್ಪಾ, ಪಾದ್ರಿಗೆ ಮಂಡಿ ಗಟ್ಟಿ ಇರ್ಬೇಕು, ಕಿವಿ ತೆರೆದಿರ್ಬೇಕು, ಬಾಯಿಗೆ ಬೀಗ ಇರ್ಬೇಕು. ಉಳಿದಿದ್ದೆಲ್ಲ ಆಮೇಲೆ." ಅಲ್ಲಿಂದ ಶುರು. ಬೆಂಚು ಒರೆಸಬೇಕು. ಕಾಯಿಲೆಯವರ ಮಂಚದ ಪಕ್ಕ ಉಪದೇಶದ ಒಂದು ಮಾತೂ ಆಡದೆ ಕೂತಿರಬೇಕು. ಗಾಳಿ ಬೀಸುವ ಸ್ಮಶಾನದಲ್ಲಿ ಯಾರೂ ಇಲ್ಲದಾಗ ನಿಂತು ಸಮಾಧಿಯ ಪ್ರಾರ್ಥನೆ ಓದಿ ಅಭ್ಯಾಸ ಮಾಡಬೇಕು. ಮಗುವಿಗೆ ದೀಕ್ಷಾಸ್ನಾನ ಮಾಡಿಸುವುದನ್ನು ಪಾದ್ರಿಮನೆಯ ದಿಂಬನ್ನು ಎತ್ತಿಕೊಂಡು ಕಲಿಯಬೇಕು. ಪಾದ್ರಿಗಳ ಹೆಂಡತಿ ಅಮ್ಮಾವ್ರ ದಿಂಬುಗಳಿಗೆ ಆಗಿರುವಷ್ಟು ದೀಕ್ಷಾಸ್ನಾನ ಆ ಊರಿನ ಮಕ್ಕಳಿಗೆ ಆಗಿಲ್ಲ ಎಂದು ಜನ ನಗುತ್ತಿದ್ದರು.

ಈ ಹುಡುಗ ಇದನ್ನೆಲ್ಲ ತಕರಾರಿಲ್ಲದೆ ಮಾಡಿದ. ಆದರೂ ದೊಡ್ಡ ಪಾದ್ರಿಗಳಿಗೆ ಅವನ ಮೇಲೆ ಮೊದಲಿನಿಂದ ಒಂದು ಅಸಮಾಧಾನ. ಹುಡುಗ ಗೊಣಗುತ್ತಾನೆ. ಪ್ರಸಂಗಕ್ಕೆ ನಿಂತರೆ ತುಟಿ ಅಲ್ಲಾಡುವುದು ಕಾಣುತ್ತದೆಯೇ ಹೊರತು ಮಾತು ಹಿಂದಿನ ಬೆಂಚಿಗೆ ಬರುವುದಿಲ್ಲ. ಆದರೆ ಅದೇ ಹಿಂದಿನ ಬೆಂಚಿನವರು ಕಣ್ಣೊರೆಸಿಕೊಳ್ಳುತ್ತಿದ್ದರು! ಕೇಳಿಸದ ಪ್ರಸಂಗಕ್ಕೆ ಅಳುವವರೆಂಥವರು? ಇವನೇನೋ ಜನರನ್ನು ಬುಟ್ಟಿಗೆ ಹಾಕಿಕೊಂಡಿದ್ದಾನೆ ಎಂದು ಪಾದ್ರಿಗಳು ಹುಬ್ಬು ಗಂಟಿಕ್ಕಿದರು. ಹಾಗೆ ನೋಡಿದರೆ ಈಚೆಗೆ ಎಲ್ಲರೂ ಗೊಣಗುವವರೇ. ಅಂಗಡಿಯವನು ಗೊಣಗುತ್ತಾನೆ, ರೇಡಿಯೋ ಗೊಣಗುತ್ತದೆ, ಫೋನಿನ ಲೈನಂತೂ ಕೆಟ್ಟು ಕೆರ ಹಿಡಿದಿದೆ. ಕಾಲವೇ ಹಾಳಾಯಿತು ಎಂದುಕೊಂಡು ಸುಮ್ಮನಾಗಿದ್ದರು.

ದರ್ಜಿಯ ಅಂಗಡಿಯಿಂದ ನೇರವಾಗಿ ಮನೆಗೆ ಬಂದವರೇ ಹುಡುಗನನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡರು. "ದರ್ಜಿ ವಿಷಯ ಯಾರಿಗೆ ಹೇಳ್ದೆ?"

"ನಾನು ಯಾರಿಗೂ ಹೇಳಿಲ್ಲ ಗುರುಗಳೇ."

"ಮತ್ತೆ ಗೋಡೆ ಹೇಳ್ತಾ?"

ಹುಡುಗ ನೆಲ ನೋಡಿದ. ಕಿವಿ ಕೆಂಪಾಯಿತು. ಸುಳ್ಳು ಹೇಳುವವರ ಕಿವಿ ಕೆಂಪಾಗುತ್ತದೆ ಎಂಬುದು ಪಾದ್ರಿಗಳ ಬಹುಕಾಲದ ನಂಬಿಕೆ. ಹುಡುಗ ಬಾಯಿ ತೆರೆದ. "ಗುರುಗಳೇ, ನೀವು ಪ್ರಾರ್ಥನೆ ಮಾಡುವಾಗ... ಜನರ ಹೆಸರು ಹೇಳದೆ ಬೇಡಿಕೊಂಡ್ರೆ ಆಗಲ್ವಾ?"

"ಏನಂದೆ?" ಪಾದ್ರಿಗಳು ಕುರ್ಚಿಯಿಂದ ಎದ್ದೇಬಿಟ್ಟರು. "ವಿಳಾಸ ಬರೀದೆ ಕಾಗದ ಹಾಕಿದ್ರೆ ಯಾರ ಮನೆಗೆ ಹೋಗುತ್ತೋ? ನಿನ್ನ ಬಾಯಿ ಸುದ್ದಿ ಕೇಳಿದ್ರೆ ನನ್ನ ಪ್ರಾರ್ಥನೆ ಸುದ್ದಿ ತರ್ತೀಯಾ? ಹೋಗು, ಕಣ್ಮುಂದೆ ನಿಲ್ಬೇಡ!"

ಮಾತು ತಿರುಗಿಸುವ ಚಾಲಾಕಿ! ತಪ್ಪು ಮಾಡಿದವನೇ ಗುರುವಿಗೆ ಪಾಠ ಹೇಳುವುದು! ಅವತ್ತೆಲ್ಲ ಪಾದ್ರಿಗಳಿಗೆ ಊಟ ರುಚಿಸಲಿಲ್ಲ.

ಅವರ ಪ್ರಾರ್ಥನೆಯ ಸುದ್ದಿಯನ್ನೂ ಹೇಳಿಬಿಡಬೇಕು. ಚರ್ಚಿನಲ್ಲಿ ಪೀಠದ ಪಕ್ಕಕ್ಕೆ ನಿಲುವಂಗಿ ತೂಗುಹಾಕುವ ಚಿಕ್ಕ ಕೋಣೆಯೊಂದಿತ್ತು. ದಿನಾ ಬೆಳಗ್ಗೆ ತಿಂಡಿ ಮುಗಿಸಿ ಪಾದ್ರಿಗಳು ಅದರೊಳಗೆ ಹೋಗಿ ಬಾಗಿಲು ಹಾಕಿ ಮಂಡಿಯೂರಿದರೆ ಬಿಸಿಲು ಏರುವವರೆಗೆ ಏಳುತ್ತಿರಲಿಲ್ಲ. ಸಭೆಯವರ ಒಬ್ಬೊಬ್ಬರ ಹೆಸರನ್ನೂ ಹಿಡಿದು, ಅವರವರ ಕಷ್ಟವನ್ನು ಬಿಡಿಸಿ ಬಿಡಿಸಿ ದೇವರ ಮುಂದಿಡುತ್ತಿದ್ದರು. ಪಿಸುಮಾತಿನಲ್ಲೇ. ಕೆಲವು ದಿನ ಆಚೆ ದೊಡ್ಡ ಹಾಲಿನಲ್ಲಿ ಹೂವಿನಕ್ಕ ಮತ್ತು ಅವಳ ಜೊತೆಗಾತಿಯರು ಬೆಂಚು ಒರೆಸಿ ಪೀಠಕ್ಕೆ ಹೂ ಜೋಡಿಸುತ್ತಿರುತ್ತಿದ್ದರು. ಆ ಕೆಲಸಕ್ಕೆ ಈಚೆಗೆ ಹೆಂಗಸರು ನಾ ಮುಂದು ತಾ ಮುಂದು ಎಂದು ಬರುತ್ತಿದ್ದುದನ್ನು ನೋಡಿ ಪಾದ್ರಿಗಳು ಸಭೆಯಲ್ಲಿ ಭಕ್ತಿ ಹೆಚ್ಚಿದೆ ಎಂದು ಖುಷಿಪಟ್ಟಿದ್ದರು.

ಆ ಮಾತುಕತೆಯಾದ ಮರುದಿನದಿಂದ ಹುಡುಗ ಹೊಸದೊಂದು ಚಾಳಿ ಹಿಡಿದ. ಪಾದ್ರಿಗಳು ಕೋಣೆಯ ಕಡೆ ಹೊರಟರೆ ಸಾಕು, ಎಲ್ಲಿದ್ದರೂ ಓಡಿಬಂದು ಬಾಗಿಲ ಪಕ್ಕದ ಹಳೇ ಆರ್ಗನ್ ಮುಂದೆ ಕೂರುವನು. ಕಾಲಲ್ಲಿ ತುಳಿದು ತುಳಿದು, ಇರುವ ಬರುವ ಸ್ವರದ ಮನೆಗಳನ್ನೆಲ್ಲ ಒತ್ತುವನು. ನುಡಿಸಲು ಬಂದರೆ ಬೇರೆ ಮಾತು. ಅವನಿಗೆ ಬರುತ್ತಿದ್ದುದು ಒಂದೇ ಕೀರ್ತನೆ, ಅದೂ ಅರ್ಧ. ಅದೇ ಅರ್ಧವನ್ನು ತಿರುಗಿಸಿ ತಿರುಗಿಸಿ ಬಾರಿಸುವನು. ಪಾದ್ರಿಗಳಿಗೆ ರಾಗವೇನೂ ಸ್ಪಷ್ಟವಾಗಿ ಕೇಳಿಸದಿದ್ದರೂ ಮಂಡಿಯ ಕೆಳಗಿನ ಹಲಗೆ ಗುಂಯ್ ಎಂದು ಅದುರುತ್ತಿತ್ತು. ಹೊರಗೆ ಬಂದರೆ ಹುಡುಗ ಬೆವರು ಸುರಿಸುತ್ತ ಕೂತಿರುವನು, ಹೂವಿನಕ್ಕ ಕೈಯಲ್ಲಿ ಬಟ್ಟೆ ಹಿಡಿದು ಮುಖ ಊದಿಸಿಕೊಂಡು ನಿಂತಿರುವಳು.

ಇದರ ಹಿಂದೆ ಏನೋ ಇದೆ ಎಂದು ಪಾದ್ರಿಗಳಿಗೆ ಅನ್ನಿಸಿತು. ಬೈಸಿಕೊಂಡ ಸಿಟ್ಟನ್ನು ಹೀಗೆ ತೀರಿಸಿಕೊಳ್ಳುತ್ತಿದ್ದಾನೆಯೇ? ನಾನು ದೇವರ ಹತ್ತಿರ ಇವನ ಮೇಲೆ ಚಾಡಿ ಹೇಳುತ್ತೇನೆ ಎಂದು ಪ್ರಾರ್ಥನೆ ಕೆಡಿಸುತ್ತಿದ್ದಾನೆಯೇ? ಅದರ ಮೇಲೆ ಇನ್ನೊಂದು ಸುದ್ದಿ ಬಂತು. ಹುಡುಗ ತನ್ನ ದೀಕ್ಷೆಯ ನಿಲುವಂಗಿಯನ್ನು ಹೊಲಿಯಲು ಅದೇ ದರ್ಜಿಗೆ ಕೊಟ್ಟಿದ್ದಾನಂತೆ, ಬಲವಂತ ಮಾಡಿ ಕೊಟ್ಟಿದ್ದಾನಂತೆ! ಓಹೋ, ಕಳ್ಳಮನಸ್ಸು ಚುಚ್ಚುತ್ತಿದೆ, ಪೂಸಿ ಹೊಡೆದು ಸರಿಮಾಡಿಕೊಳ್ಳಲು ನೋಡುತ್ತಿದ್ದಾನೆ ಎಂದು ಪಾದ್ರಿಗಳು ತಲೆದೂಗಿದರು.

"ನಾಳೆಯಿಂದ ಆ ಪೆಟ್ಟಿಗೆ ಮುಟ್ಟಿದ್ರೆ ನೋಡು," ಎಂದು ಕಟ್ಟಪ್ಪಣೆ ಮಾಡಿದರು. ಹುಡುಗ ಏನೋ ಹೇಳಲು ಬಂದ. "ಮಾತು ಬೇಡ!" ಎಂದರು. ಆರ್ಗನ್ ನಿಂತಿತು.

ಅದು ನಿಂತ ವಾರದಲ್ಲೇ ನರ್ಸಿನ ವಿಷಯ ಹೊರಬಿತ್ತು.

ನರ್ಸ್ ಒಳ್ಳೆ ಹುಡುಗಿ, ಪಾದ್ರಿಗಳೇ ಹೆಸರಿಟ್ಟ ಮಗು. ಮದುವೆ ಗೊತ್ತಾಗಿತ್ತು. ಗಂಡಿನ ಸ್ವಭಾವ ನೋಡಿ ಅವಳಿಗೆ ಹೆದರಿಕೆ ಹತ್ತಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರು ಪಾದ್ರಿಗಳ ನಡುವೆ ಕೂತು, ಈ ಮದುವೆ ಬೇಡ ಅಂತ ನಿರ್ಧಾರ ಮಾಡಿದೀನಿ, ಭಾನುವಾರ ನಾನೇ ಅವರ ಮನೆಗೆ ಹೋಗಿ ಮರ್ಯಾದೆಯಿಂದ ಹೇಳ್ತೀನಿ, ಅಲ್ಲೀವರೆಗೆ ಯಾರಿಗೂ ಗೊತ್ತಾಗೋದು ಬೇಡ ಎಂದಿದ್ದಳು. ಭಾನುವಾರ ಬರುವ ಮೊದಲೇ ಗಂಡಿನ ತಾಯಿ ಆಸ್ಪತ್ರೆಗೆ ನುಗ್ಗಿ, ರೋಗಿಗಳ ಎದುರಿಗೆ ಅವಳ ಜನ್ಮ ಜಾಲಾಡಿದಳು. ಆ ಹುಡುಗಿ ಕೈಯಲ್ಲಿ ಔಷಧಿ ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತುಬಿಟ್ಟಳಂತೆ.

ಪಾದ್ರಿಗಳ ರಕ್ತ ಕುದಿಯಿತು. ಈ ಸಲ ಹುಡುಗನನ್ನು ಕೇಳಲೂ ಇಲ್ಲ. ಕೇಳಿದರೆ ಮತ್ತೆ ನೆಲ ನೋಡುತ್ತಾನೆ, ಕಿವಿ ಕೆಂಪು ಮಾಡುತ್ತಾನೆ. ಸಾಕ್ಷಿ ಬೇಕು. ಜಾರಿಕೊಳ್ಳಲಾಗದಂಥ ಸಾಕ್ಷಿ. ಅವರು ಯೋಚನೆ ಮಾಡಿ ಮಾಡಿ ಒಂದು ಉಪಾಯ ತೆಗೆದರು. ಯಾರಿಗೂ ಗೊತ್ತಿಲ್ಲದ ಒಂದು ಗುಟ್ಟನ್ನು, ಅದೂ ಇಲ್ಲದ ಗುಟ್ಟನ್ನು, ಇವನೊಬ್ಬನಿಗೇ ಹೇಳುವುದು. ಅದು ಊರಲ್ಲಿ ಓಡಾಡಿದರೆ ಇವನೇ ಕಳ್ಳ. ಇಂಥ ಕೆಲಸ ಅವರು ಜೀವಮಾನದಲ್ಲಿ ಮಾಡಿದವರಲ್ಲ. ಆದರೆ ಒಬ್ಬ ಬಾಯಿಬಡುಕನ ಕೈಗೆ ಸಾವಿರ ಜನರ ಸಂಕಟ ಒಪ್ಪಿಸುವುದಕ್ಕಿಂತ ಒಂದು ಸುಳ್ಳು ವಾಸಿ ಎನ್ನಿಸಿತು.

ಹುಡುಗನನ್ನು ತೋಟದ ಮೂಲೆಗೆ ಕರೆದೊಯ್ದರು. "ನಿನ್ನ ಹೊಟ್ಟೇಲೇ ಇರ್ಲಿ. ಮೇಲಿನವರು ನಮ್ಮ ಚರ್ಚು ಮುಚ್ಚಿ, ಹೊಳೆ ಆಚೆ ಚರ್ಚಿಗೆ ಸೇರಿಸ್ಬೇಕು ಅಂತಿದಾರೆ. ಅಮ್ಮಾವ್ರಿಗೂ ಹೇಳಿಲ್ಲ."

ಹುಡುಗನ ಮುಖ ಬಿಳಿಚಿತು. ಪಾದ್ರಿಗಳು ಅವನ ಕಿವಿ ನೋಡಿದರು.

ಮರುದಿನ ಬೆಳಗ್ಗೆ ಅವನನ್ನು ದೂರದ ಬೀದಿಯ ಮುದುಕಿಯೊಬ್ಬಳನ್ನು ನೋಡಿ ಬಾ ಎಂದು ಅಟ್ಟಿ, ಪಾದ್ರಿಗಳು ತಮ್ಮ ಕೋಣೆ ಸೇರಿದರು. ಸುಳ್ಳು ಹೇಳಿದ ಬಾಯಿ ಕಹಿಯಾಗಿತ್ತು. ಮಂಡಿಯೂರಿ, ಹಣೆಯನ್ನು ಗೋಡೆಗೆ ಆನಿಸಿ, ಪಿಸುಗುಟ್ಟಿದರು. "ಕರ್ತನೇ, ಕ್ಷಮಿಸು. ನಿನ್ನ ಆಲಯ ಮುಚ್ಚುತ್ತಾರೆ ಅಂತ ಆ ಹುಡುಗನಿಗೆ ಸುಳ್ಳು ಹೇಳಿದೀನಿ. ಅವನ ಬಾಯಿ ಪರೀಕ್ಷೆ ಮಾಡೋಕೆ ಇಲಿಬೋನು ಇಟ್ಟಿದೀನಿ. ನನಗೆ ಬೇರೆ ದಾರಿ ಕಾಣ್ಲಿಲ್ಲ." ಬಹಳ ಹೊತ್ತು ಅಲ್ಲೇ ಇದ್ದರು. ಹೊರಗೆ ಬಂದಾಗ ಹೂವಿನಕ್ಕ ಬೆಂಚು ಒರೆಸುವುದನ್ನು ಬಿಟ್ಟು ಅವರನ್ನೇ ಪಿಳಿಪಿಳಿ ನೋಡುತ್ತಿದ್ದಳು.

ಆಮೇಲೆ ಕಾಯುವ ಕೆಲಸ. ಪಾದ್ರಿಗಳು ಬೇಕೆಂದೇ ಊರೆಲ್ಲ ಸುತ್ತಿದರು. ಬೇಕರಿಯಲ್ಲಿ ನಿಂತರು, ಕ್ಷೌರದಂಗಡಿಯಲ್ಲಿ ಕೂತರು, ಯಾರಾದರೂ ಚರ್ಚು ಮುಚ್ಚುವ ಸುದ್ದಿ ಎತ್ತುತ್ತಾರೇನೋ ಎಂದು ಮುಖ ಮುಖ ನೋಡಿದರು. ಯಾರೂ ಎತ್ತಲಿಲ್ಲ. ಅದರ ಬದಲು ಜನ ಅವರನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ಬೇಕರಿಯವಳು ಬ್ರೆಡ್ಡನ್ನು ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟಳು. ಕ್ಷೌರದವನು ಯಾವತ್ತೂ ಹರಟುವವನು, ಕನ್ನಡಿಯೊಳಗಿನಿಂದ ಒಂದು ಥರಾ ನೋಡಿ ಕತ್ತರಿ ಆಡಿಸಿದ. ಇದೇನು, ಹುಡುಗ ಚರ್ಚಿನ ಸುದ್ದಿ ಬಿಟ್ಟು ನನ್ನ ಮೇಲೇ ಏನಾದರೂ ಹಬ್ಬಿಸಿದನೇ? ಊರನ್ನೇ ನನ್ನ ವಿರುದ್ಧ ಎತ್ತಿಕಟ್ಟುತ್ತಿದ್ದಾನೆಯೇ? ಅನುಮಾನ ಹೀಗೆ ಬೆಳೆಯುತ್ತ ಹೋಗಿ ಪಾದ್ರಿಗಳಿಗೆ ನಿದ್ದೆಯೂ ಸರಿಯಾಗಿ ಬರಲಿಲ್ಲ.

ಅಷ್ಟರಲ್ಲಿ ಬಿಷಪ್ಪರ ಫೋನು ಬಂತು. ಭಾನುವಾರದ ದೀಕ್ಷೆಗೆ ಏರ್ಪಾಡು ಮಾಡಬಹುದೇ, ಹುಡುಗ ಯೋಗ್ಯನೇ? ಪಾದ್ರಿಗಳು ರಿಸೀವರನ್ನು ಬಲಗಿವಿಗೆ ಒತ್ತಿಹಿಡಿದು, ಆಚೆ ಜಗಲಿಯಲ್ಲಿ ಹುಡುಗ ಬೂಟು ಉಜ್ಜುತ್ತಿರುವುದನ್ನು ಕಿಟಕಿಯಿಂದ ಓರೆಗಣ್ಣಲ್ಲಿ ನೋಡಿ, ದನಿ ತಗ್ಗಿಸಿದರು.

"ಬೇಡ ಸ್ವಾಮಿ. ಕೆಲಸಕ್ಕೇನೋ ಮುಂದು. ಆದ್ರೆ ಬಾಯಿಗೆ ಬೀಗ ಇಲ್ಲ. ಇವನನ್ನ ನಂಬಿ ಯಾರೂ ಒಂದು ಕಷ್ಟ ಹೇಳ್ಕೊಳ್ಳೋ ಹಾಗಿಲ್ಲ. ಯೋಗ್ಯ ಅನ್ನೋಕೆ ನನ್ನ ಮನಸ್ಸು ಒಪ್ತಿಲ್ಲ."

ಫೋನಿಟ್ಟು ನೋಡಿದರೆ ಹುಡುಗನ ಕೈ ಬೂಟಿನ ಮೇಲೆ ನಿಂತುಹೋಗಿತ್ತು. ಕೇಳಿಸಿರಲಾರದು, ಅಷ್ಟು ಮೆಲ್ಲಗೆ ಹೇಳಿದ್ದೇನಲ್ಲ ಎಂದುಕೊಂಡರು. ಅವನ ತಾಯಿಗೆ ಇವತ್ತು ಏನು ಹೇಳುತ್ತಾನೋ!

ಮರುದಿನ ಬೆಳಗ್ಗೆ ಅವರು ಕೋಣೆಯೊಳಗೆ ಮಂಡಿಯೂರಿ ಬಾಯಿ ತೆರೆಯುವುದೇ ತಡ, ಹಲಗೆ ಗುಂಯ್ ಎಂದಿತು. ಕಟ್ಟಪ್ಪಣೆ ಮೀರಿ! ಪಾದ್ರಿಗಳು ಹಲ್ಲು ಕಚ್ಚಿಕೊಂಡು ಪ್ರಾರ್ಥನೆ ಮುಗಿಸಿದರು. ಸೊಕ್ಕು ನೋಡು, ಹೇಗೂ ಹೋಗುವವನು ಎಂದು ಎಗರಾಡುತ್ತಿದ್ದಾನೆ, ಬರಲಿ ಮಾಡ್ತೀನಿ ಎಂದು ಮನೆಗೆ ಬಂದು ಕಾದು ಕೂತರು.

ಆದರೆ ಬಂದವನು ದರ್ಜಿ. ಕೈಯಲ್ಲಿ ಮಡಿಸಿದ ಬಿಳಿ ನಿಲುವಂಗಿ. ಅದನ್ನು ಮೇಜಿನ ಮೇಲಿಟ್ಟು, ಕೂರಲು ಹೇಳಿದರೂ ಕೂರದೆ, ಪಾದ್ರಿಗಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. "ಚಿಕ್ಕಯ್ಯನವರ ಅಂಗಿ ಹೊಲಿದು ತಂದಿದೀನಿ. ಹಾಕ್ಕೊಳ್ಳೋ ಯೋಗ ಇದೆಯೋ ಇಲ್ವೋ, ನೀವೇ ಬಲ್ರಿ. ಒಂದು ಮಾತು ಕೇಳ್ತೀನಿ ಅಯ್ಯನವರೇ. ನನ್ನ ಕೈ ಸುದ್ದಿ ಊರಿಗಾಯ್ತು, ಹಾಳಾಗ್ಲಿ. ಆ ಹುಡುಗನಿಗೆ ಯಾಕೆ ಇಲಿಬೋನು ಇಟ್ರಿ?"

"ಏನು?"

"ಚರ್ಚು ಮುಚ್ಚುತ್ತಾರೆ ಅಂತ ಸುಳ್ಳು ಹೇಳಿ ಅವನ ಬಾಯಿ ಪರೀಕ್ಷೆ ಮಾಡ್ತಿದೀರಂತಲ್ಲ. ಊರೆಲ್ಲ ಅದೇ ಮಾತು. ಪಾದ್ರಿಯಾದವರು ಸುಳ್ಳು ಹೇಳಬಹುದಾ?"

ಪಾದ್ರಿಗಳ ಮನಸ್ಸು ಒಂದು ಗಳಿಗೆ ಕುಣಿಯಿತು. ಸಿಕ್ಕಿಬಿದ್ದ! ಬೋನಿಗೆ ಬಿದ್ದ! ಚರ್ಚಿನ ಸುದ್ದಿ ಹೊರಗೆ ಬಂತು! ಬಾಯಿ ತೆರೆದು ಹಾಗೆಂದು ಹೇಳಬೇಕು ಎನ್ನುವಷ್ಟರಲ್ಲಿ ನಾಲಿಗೆ ಅಂಟಿಕೊಂಡಿತು. ಚರ್ಚು ಮುಚ್ಚುವ ಸುದ್ದಿ ಹುಡುಗನಿಗೆ ಗೊತ್ತಿತ್ತು. ಅದು ಸುಳ್ಳು ಎಂದು ಅವನಿಗೆ ಎಲ್ಲಿ ಗೊತ್ತಿತ್ತು? ಇಲಿಬೋನು ಎಂಬ ಮಾತು ಎಲ್ಲಿ ಗೊತ್ತಿತ್ತು? ಅದನ್ನು ಪಾದ್ರಿಗಳು ಹೆಂಡತಿಗೆ ಹೇಳಿಲ್ಲ, ಬಿಷಪ್ಪರಿಗೆ ಹೇಳಿಲ್ಲ, ಹಾಳೆಯ ಮೇಲೆ ಗೀಚಿಲ್ಲ. ಹೇಳಿದ್ದು ಒಬ್ಬನ ಹತ್ತಿರವೇ. ಆ ಒಬ್ಬನು ಊರಲ್ಲಿ ಹೋಗಿ ಹೇಳುವವನಲ್ಲ.

"ಯಾರು... ಯಾರು ಹೇಳಿದ್ದು ನಿನಗೆ?"

"ಹೂವಿನಕ್ಕನ ಕಡೆಯವರು. ಅವರಿಗೆ ಯಾರು ಹೇಳಿದ್ರೋ!" ದರ್ಜಿ ಬೆನ್ನು ತಿರುಗಿಸಿ ಹೊರಟುಹೋದ.

ಪಾದ್ರಿಗಳು ಕುರ್ಚಿಯಲ್ಲಿ ಕುಸಿದರು. ಅಡುಗೆಮನೆಯಿಂದ ಅಮ್ಮಾವ್ರು ಬಂದು ನೋಡಿದರೆ ಗಂಡನ ಮುಖದಲ್ಲಿ ಕಳೆಯೇ ಇಲ್ಲ.

"ಲೇ, ನಿಜ ಹೇಳು. ನಾನು ಗಟ್ಟಿಯಾಗಿ ಮಾತಾಡ್ತೀನಾ?"

ಅಮ್ಮಾವ್ರು ಬಂದು ಅವರ ಬಲಗಿವಿಯ ಹತ್ತಿರ ಬಾಯಿಟ್ಟರು. "ಈಗ ಕೇಳಿದ್ರಲ್ಲ, ಅದು ಬೀದಿ ತುದೀಗೆ ಕೇಳಿಸಿರುತ್ತೆ."

"ಪಿಸುಗುಟ್ಟಿದ್ರೆ?"

"ನೀವು ಪಿಸುಗುಟ್ಟಿ ಯಾವ ಕಾಲವಾಯ್ತೋ!"

"ನನಗ್ಯಾಕೆ ಹೇಳ್ಲಿಲ್ಲ?"

"ಎಷ್ಟು ಸಲ ಹೇಳ್ಲಿ ರೀ? ಕಿವಿ ಡಾಕ್ಟ್ರಿಗೆ ತೋರಿಸಿ ಅಂದೆ, ರೇಡಿಯೋ ರಿಪೇರಿಗೆ ಕೊಟ್ರಿ. ನೀವು ಕೇಳಿಸ್ಕೊಂಡಿದ್ರೆ ತಾನೇ!" ಎಂದವರು ಗಂಡನ ಕಣ್ಣಲ್ಲಿ ನೀರು ಕಂಡು ಸೆರಗಿನಿಂದ ಒರೆಸಿದರು.

ಪಾದ್ರಿಗಳು ಕೋಲು ಹಿಡಿದು ಚರ್ಚಿಗೆ ನಡೆದರು. ದಾರಿಯುದ್ದಕ್ಕೂ ಒಂದೊಂದೇ ನೆನಪಾಗುತ್ತಿತ್ತು. ದರ್ಜಿಯ ಬೆರಳು, ನರ್ಸಿನ ಕೈಯ ತಟ್ಟೆ, ಹೆಸರು ಹೇಳದೆ ಬೇಡಿದರೆ ಆಗಲ್ವಾ ಎಂದ ಹುಡುಗ. ಅಯ್ಯೋ, ಬಾಯಿಗೆ ಬೀಗ ಹಾಕು ಎಂದು ಊರಿಗೆಲ್ಲ ಕಲಿಸಿದ ಮನುಷ್ಯ ತನ್ನ ಮನೆಯ ಬಾಗಿಲನ್ನೇ ಹಾರುಹೊಡೆದು ಕೂತಿದ್ದನಲ್ಲ! ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು.

ಹುಡುಗ ಒಬ್ಬನೇ ಬೆಂಚು ಸರಿಮಾಡುತ್ತಿದ್ದ. ಪಾದ್ರಿಗಳು ಆರ್ಗನ್ನಿನ ಮುಚ್ಚಳದ ಮೇಲೆ ಕೈಯಿಟ್ಟರು. "ಬಾ ಇಲ್ಲಿ. ಕಿವಿ ಹತ್ರ ಬಂದು ಮಾತಾಡು. ಇದನ್ನ ನುಡಿಸ್ತಿದ್ದಿದ್ದು ನನ್ನ ದನಿ ಮುಚ್ಚೋಕಾ?"

ಹುಡುಗ ತಲೆಯಾಡಿಸಿದ.

"ನೇರವಾಗಿ ಯಾಕೆ ಹೇಳ್ಲಿಲ್ಲ?"

"ಒಂದ್ಸಲ ಶುರು ಮಾಡ್ದೆ. ನೀವು ಬೈದ್ರಿ. ಆಮೇಲೆ..." ಹುಡುಗ ತಡೆದ. "ಆಮೇಲೆ ಹೆದರಿದೆ ಗುರುಗಳೇ. ಹೇಳಿದ್ರೆ ನೀವು ಯೋಗ್ಯ ಅನ್ನಲ್ಲ ಅಂತ ಹೆದರಿದೆ."

"ಥೂ! ಹೆದರಿದ್ಯಂತೆ!" ಪಾದ್ರಿಗಳಿಗೆ ಹಳೇ ಸಿಟ್ಟೇ ಬಂತು. "ದರ್ಜಿ ಅನ್ನ ಹೋಯ್ತು, ಆಮೇಲಾದ್ರೂ ನೀನು ಬಾಯಿ ಬಿಡ್ಬೇಕಿತ್ತಲ್ಲೋ! ಆ ಹೆಣ್ಣುಮಗು ಎಲ್ಲರ ಎದುರಿಗೆ ಬೈಸಿಕೊಳ್ತು. ಬಾಯಿಗೆ ಬೀಗ ಅಂದ್ರೆ ಬೇಕಾದಾಗ ತೆಗೆಯೋಕೂ ಬರ್ಬೇಕು. ನನ್ನ ಕುತ್ತಿಗೆಪಟ್ಟಿ ಹಿಡಿದು, ಮುದುಕಾ, ಕೂಗಬೇಡ ಅನ್ಬೇಕಿತ್ತು!"

ಹುಡುಗ ನೆಲ ನೋಡಿದ. ಕಿವಿ ಕೆಂಪಾಯಿತು. ಅದು ಸುಳ್ಳಿನ ಕೆಂಪಲ್ಲ ಎಂದು ಪಾದ್ರಿಗಳಿಗೆ ಈಗ ಗೊತ್ತಾಯಿತು.

"ನಿನ್ನೆ ಫೋನಲ್ಲಿ ಬಿಷಪ್ಪರಿಗೆ ಹೇಳಿದ್ದು ಕೇಳಿಸ್ತಾ?"

"ಬೀದಿಗೇ ಕೇಳಿಸ್ತು ಗುರುಗಳೇ."

"ಮತ್ತೆ ಇವತ್ತು ಯಾಕೆ ನುಡಿಸ್ದೆ? ಹೇಗೂ ಬೇಡ ಅಂದಾಗಿತ್ತು. ಇನ್ನೇನು ಉಳಿದಿತ್ತು ನಿನಗೆ?"

ಹುಡುಗನಿಗೆ ಆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ನೀವು ಒಳಗೆ ಹೋದ್ರಿ. ಹೂವಿನಕ್ಕ ಬಂದ್ರು. ಅದಕ್ಕೆ ನುಡಿಸ್ದೆ," ಎಂದ.

ಪಾದ್ರಿಗಳು ಆರ್ಗನ್ ಮುಚ್ಚಳವನ್ನು ಒಮ್ಮೆ ಸವರಿದರು. ಆಮೇಲೆ, "ನಡಿ, ಮೊದಲು ಅವರಿಬ್ಬರ ಕಾಲು ಹಿಡಿಯೋಣ," ಎಂದರು.

ನರ್ಸ್ ಬಾಗಿಲು ತೆಗೆಯಲಿಲ್ಲ. ಪರದೆಯ ಹಿಂದೆ ನೆರಳು ಕಂಡಿತು, ಹೋಯಿತು. ಅವಳ ಮೆಟ್ಟಿಲ ಮೇಲೆ ಪಾದ್ರಿಗಳು ತಲೆತಗ್ಗಿಸಿ ನಿಂತಿದ್ದು, ಸುಮ್ಮನೆ ಇಳಿದರು. ಅಲ್ಲಿಂದ ದರ್ಜಿಯ ಬೀದಿಗೆ ಬಂದಾಗ ಅಂಗಡಿಯಲ್ಲಿ ಎಲ್ಲಿಂದಲೋ ಬಂದ ಹೊಸ ಗಿರಾಕಿಯೊಬ್ಬಳು ಮೇಜಿನ ಮೇಲೆ ಬಟ್ಟೆ ಹರಡಿ ಅಳತೆ ಹೇಳುತ್ತಿದ್ದಳು. ದರ್ಜಿ ತಲೆಯಾಡಿಸುತ್ತಿದ್ದ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ಜೀವ ಬಂದಿತ್ತು. ಪಾದ್ರಿಗಳ ಎದೆ ತುಂಬಿ ಬಂದಿತ್ತು, ಅವರಿಗೆ ಗಿರಾಕಿ ಕಂಡಳೋ ಇಲ್ಲವೋ. ಬೀದಿಯ ನಡುವಿನಿಂದಲೇ ಎರಡೂ ಕೈ ಮುಗಿದು ಶುರುಮಾಡಿಬಿಟ್ಟರು.

"ನನ್ನಪ್ಪಾ, ತಪ್ಪಾಯ್ತು! ನಿನ್ನ ಕೈ..."

"ಬಾಯಿ ಮುಚ್ಚಿ ಗುರುಗಳೇ!"

ಹುಡುಗ ಅವರ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಿದ್ದ. ಬೀದಿಯೇ ತಿರುಗಿ ನೋಡಿತು. ಹಿರಿಯ ಪಾದ್ರಿಗೆ ಬಾಯಿ ಮುಚ್ಚಿ ಎಂದವರು ಆ ಊರಲ್ಲಿ ಇದುವರೆಗೆ ಯಾರೂ ಹುಟ್ಟಿರಲಿಲ್ಲ. ಹುಡುಗ ಅವರ ಬಲಗಿವಿಗೆ ಬಗ್ಗಿ ಹೇಳಿದ. "ಗಿರಾಕಿ ಇದಾರೆ. ಅವರು ಹೋಗೋವರೆಗೆ ಇಲ್ಲೇ ನಿಲ್ಲೋಣ. ಆಮೇಲೆ ಒಳಗೆ ಹೋಗಿ, ಬಾಗಿಲು ಹಾಕಿ, ಮೆತ್ತಗೆ ಹೇಳಿ. ನಿಮ್ಮ ದನಿ ಏರಿದ್ರೆ ನಾನು ಕೈ ಹಿಡೀತೀನಿ."

ಒಂದು ವರ್ಷದಲ್ಲಿ ಆ ಹುಡುಗನ ಮಾತು ಪಾದ್ರಿಗಳಿಗೆ ಇಷ್ಟು ಸ್ಪಷ್ಟವಾಗಿ ಕೇಳಿಸಿದ್ದು ಅಪರೂಪ. ಅವರು ಬಾಯಿ ಮುಚ್ಚಿಕೊಂಡು, ಶಾಲೆಯ ಮಗುವಿನ ಹಾಗೆ ಗೋಡೆಯ ಪಕ್ಕ ನಿಂತರು. ಗಿರಾಕಿ ಬಟ್ಟೆ ಕೊಟ್ಟು ಹೋದಳು. ಒಳಗೆ ಬಾಗಿಲು ಹಾಕಿಕೊಂಡು ಏನು ಮಾತಾಯಿತೋ, ಬೀದಿಗೆ ಒಂದಕ್ಷರವೂ ಕೇಳಿಸಲಿಲ್ಲ. ಹುಡುಗ ಎಷ್ಟು ಸಲ ಕೈ ಹಿಡಿದನೋ ಅದೂ ಗೊತ್ತಿಲ್ಲ. ದರ್ಜಿ ಕ್ಷಮಿಸಿದೆ ಎನ್ನಲಿಲ್ಲವಂತೆ. ನಿಮ್ಮ ಅಂಗಿಯ ಅಂಚು ಬಿಚ್ಚಿದೆ, ಕೊಟ್ಟು ಹೋಗಿ, ಹೊಲಿದಿಡ್ತೀನಿ ಎಂದನಂತೆ.

ಮನೆಗೆ ಬಂದವರೇ ಪಾದ್ರಿಗಳು ಹೆಂಡತಿಯನ್ನು ಕರೆದರು. "ಬಿಷಪ್ಪರಿಗೆ ಫೋನು ಹಚ್ಚು. ನೀನೇ ಮಾತಾಡು ಮಾರಾಯ್ತಿ. ನಾನು ಮಾತಾಡಿದ್ರೆ ಊರಿಗೆಲ್ಲ ಕೇಳಿಸುತ್ತೆ."

ಅಮ್ಮಾವ್ರು ನಂಬರು ಒತ್ತಿದರು. ಆ ಕಡೆ ಗಂಟೆ ಹೊಡೆಯುತ್ತಿರುವಾಗಲೇ ಎದ್ದು ಹೋಗಿ ಬೀದಿಯ ಕಡೆಯ ಕಿಟಕಿಗಳನ್ನೆಲ್ಲ ಅಗಲಕ್ಕೆ ತೆಗೆದರು. ಬಂದು ರಿಸೀವರನ್ನು ಗಂಡನ ಕೈಗೇ ಕೊಟ್ಟರು.

"ಬೇಡ ಅಂದಿದ್ದನ್ನ ಊರೆಲ್ಲ ಕೇಳಿದೆ," ಎಂದರು ಅವರ ಕಿವಿಯಲ್ಲಿ. "ಇದನ್ನೂ ಕೇಳ್ಲಿ. ನೀವೇ ಹೇಳಿ."